‘ಬರ್ತೀನಿ’ ಅಂದಿದ್ದಕ್ಕೆ ಕಾದ ಊರು

ಮೆಲ್ಬರ್ನ್‌ನಲ್ಲಿ ನಾನು ಕಲಿತದ್ದು ಅಡುಗೆ. ಊರಲ್ಲಿ ಹಾಲು ಕಾಯಿಸಲು ಇಟ್ಟು ಪಾತ್ರೆಯ ತಳವನ್ನೇ ಉದುರಿಸಿದವನು ಆ ಕೋರ್ಸಿಗೆ ಸೇರಿದ್ದು ರುಚಿಯ ಮೇಲಿನ ಪ್ರೀತಿಯಿಂದಲ್ಲ. ಎರಡು ಸಾವಿರದ ಆ ದಶಕದಲ್ಲಿ ಅಡುಗೆ ಕಲಿತವರಿಗೆ ಪಿಆರ್, ಅಂದರೆ ಅಲ್ಲೇ ಕಾಯಂ ಇರುವ ಪರವಾನಗಿ, ಬೇಗ ಸಿಗುತ್ತದೆ ಅನ್ನುವ ಮಾತಿತ್ತು. ಪಾಸಾದೆ. ಹೇಗೆ ಅಂತ ಪಾಸು ಮಾಡಿದವರಿಗೂ ಗೊತ್ತಿಲ್ಲ. ಆಮೇಲೆ ನಿಜವಾದ ಅಡುಗೆಮನೆಯಲ್ಲಿ ಕೆಲವು ತಿಂಗಳು ದುಡಿದಿದ್ದಕ್ಕೆ ಕಾಗದ ಬೇಕಾಯಿತು. ಸಿಡ್ನಿಯ ಟೂಂಗಾಬಿಯಲ್ಲಿ ಹುಬ್ಬಳ್ಳಿಯ ಗೆಳೆಯನೊಬ್ಬನ ಸೋಫಾ ಮೇಲೆ ಮಲಗಿ ಕೆಲಸ ಹುಡುಕಿದೆ. ಯಾವ ಹೋಟೆಲಿನವರೂ ನನ್ನನ್ನು ಎರಡನೇ ದಿನ ಕರೆಯಲಿಲ್ಲ. ಕೊನೆಗೆ ಕರೆದದ್ದು ಒಂದು ಪಬ್ಬಿನವರು. ರೈಲಿಳಿದು ಬಸ್ಸು ಹತ್ತಿ ಇಡೀ ದಿನ ಪಶ್ಚಿಮಕ್ಕೆ ಹೋದರೆ ಸಿಗುವ ಕೆಂಪು ಮಣ್ಣಿನ ಸಣ್ಣ ಊರು ಅದು.

ಪಬ್ಬಿನ ಒಡತಿಗೆ ಎಪ್ಪತ್ತು ದಾಟಿತ್ತು. ನಾನು ಆಂಟಿ ಅಂದೆ. ನಿನ್ನ ಅಮ್ಮನಿಗೂ ನನಗೂ ಯಾವ ಸಂಬಂಧವೂ ಇಲ್ಲವಲ್ಲ ಅಂದರು. ವಾರ ಕಳೆಯುವಷ್ಟರಲ್ಲಿ ಊರಿಗೆಲ್ಲ ಅವರು ಆಂಟಿಯಾಗಿದ್ದರು.

ನಾನು ಹುಟ್ಟಾ ಸಸ್ಯಾಹಾರಿ. ಸ್ಟೇಕ್ ಅನ್ನುವ ದಪ್ಪ ಮಾಂಸದ ತುಂಡು ಬೇಯಿಸುತ್ತಿದ್ದೆ, ರುಚಿ ನೋಡುವ ಹೊಣೆ ಪಬ್ಬಿನ ನಾಯಿಯದು. ಮೊದಲ ವಾರವೇ ಅದು ಆ ಹುದ್ದೆಗೆ ರಾಜೀನಾಮೆ ಕೊಟ್ಟು ಹಿತ್ತಲು ಸೇರಿತು. ಈ ಹುಡುಗನ ಸ್ಟೇಕಿನಿಂದ ಬೂಟಿಗೆ ತಳ ಹಾಕಿಸಿಕೊಂಡೆ ಅಂತ ಕುರಿ ತುಪ್ಪಟ ಕತ್ತರಿಸುವ ಮುದುಕನೊಬ್ಬ ಎಲ್ಲರಿಗೂ ಹೇಳುತ್ತಿದ್ದ. ಆದರೂ ಶುಕ್ರವಾರ ಸಂಜೆ ಎಲ್ಲರೂ ಬರುತ್ತಿದ್ದರು. ಊರಲ್ಲಿ ಬೇರೆ ಒಲೆ ಇರಲಿಲ್ಲ.

ಆಲೂಗಡ್ಡೆ ಸುಲಿಯುತ್ತಾ ಆಂಟಿ ಊರಿನ ಕಥೆ ಹೇಳುತ್ತಿದ್ದರು. ನೆಲದಲ್ಲಿ ತಾಮ್ರ ಸಿಕ್ಕಿತಂತೆ. ಗಣಿಗೆ ಸಾಮಾನು ಹೊತ್ತು ಒಂಟೆಗಳು ಬಂದವು, ಅವನ್ನು ನಡೆಸಿದ ದೂರದೇಶದವರ ಗೋರಿಗಳು ಸ್ಮಶಾನದ ಅಂಚಿನಲ್ಲಿ ಈಗಲೂ ಇವೆ. ಆಮೇಲೆ ರೈಲು ಬಂತು, ಬ್ಯಾಂಕು ಬಂತು. ತಾಮ್ರದ ಬೆಲೆ ಬಿದ್ದಾಗ ಗಣಿ ಮುಚ್ಚಿತು, ರೈಲು ನಿಂತಿತು. ಹೋದವರು ಮನೆಗಳನ್ನೂ ಬಿಡಲಿಲ್ಲ. ಮರದ ಮನೆಗಳನ್ನು ಇಡಿಯಾಗಿ ಎತ್ತಿ ಲಾರಿ ಮೇಲಿಟ್ಟು ಒಯ್ದರು. ಉಳಿದದ್ದು ಬರೀ ಮೆಟ್ಟಿಲು. ಮಧ್ಯಾಹ್ನ ಬಿಡುವಾದಾಗ ನಾನು ಅಂಥ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಮೂರು ಹತ್ತಿದರೆ ಬಾಗಿಲಿಲ್ಲ, ಆಕಾಶ. ಎದುರಿಗೆ ಅಂಚೆಯೂ ಆಗಿದ್ದ ಒಂದು ಅಂಗಡಿ, ಬೆರಳೆಣಿಕೆಯ ಮಕ್ಕಳ ಶಾಲೆ, ನಮ್ಮ ಪಬ್ಬು. ದಾರಿಹೋಕರು ಊರಲ್ಲಿ ಕಾರು ನಿಲ್ಲಿಸುತ್ತಿದ್ದದ್ದೇ ಊಟಕ್ಕೆ. ಅಡುಗೆಮನೆ ಮುಚ್ಚಿದರೆ ಪಬ್ಬಿಲ್ಲ, ಪಬ್ಬು ಮುಚ್ಚಿದರೆ ಊರಿಲ್ಲ ಅಂತ ಆಂಟಿ ಸಿಪ್ಪೆ ಬುಟ್ಟಿಗೆ ಹಾಕುತ್ತಾ ಹೇಳುತ್ತಿದ್ದರು.

ಕಾಗದ ಸಿಕ್ಕಿತು, ಹೊರಟೆ. ಬಸ್ಸಿನ ಹತ್ತಿರ ಅವರು ಕೈ ಕುಲುಕಿದಾಗ ನನ್ನ ನಾಲಿಗೆ ಎಂದಿನಂತೆ ಹೋಗಿಬರುತ್ತೇನೆ ಅಂದಿತು. ಹೋಗುತ್ತೇನೆ ಅನ್ನಬಾರದು, ಅಪಶಕುನ. ಅದನ್ನೇ ಶಬ್ದಕ್ಕೆ ಶಬ್ದ ಇಂಗ್ಲಿಷಿಗೆ ತಿರುಗಿಸಿದ್ದೆ. ಬರುತ್ತೀಯಾ ಅಂತ ಅವರು ಇನ್ನೊಮ್ಮೆ ಕೇಳಿದರು. ಖಂಡಿತ ಆಂಟಿ ಅಂದೆ. ಇಲ್ಲ ಅಂತ ಯಾರಾದರೂ ಹೇಳುತ್ತಾರೆಯೇ?

ಟೂಂಗಾಬಿಗೆ ಬಂದ ಎರಡು ತಿಂಗಳಿಗೆ ಅವರ ಫೋನು. ಮೆಲ್ಬರ್ನ್‌ನ ಸ್ಯಾಂಡ್‌ವಿಚ್ ಅಂಗಡಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು, ಸೇರಲು ಎರಡು ವಾರವಿತ್ತು. ಅಲ್ಲಿ ಒಲೆಯೇ ಇಲ್ಲ, ನನಗೆ ಹೇಳಿ ಮಾಡಿಸಿದ ಜಾಗ. ಆಂಟಿ ಕೇಳಿದ್ದು, ಯಾವ ಬಸ್ಸಿಗೆ ಬರುತ್ತೀಯ ಅಂತ. ಅಡುಗೆಯವನೊಬ್ಬ ಕೆಲಸ ಕೇಳಿಕೊಂಡು ಬಂದಿದ್ದನಂತೆ. ನಮ್ಮ ಹುಡುಗ ಬರುತ್ತಾನೆ ಅಂತ ಅವನನ್ನು ಕಳಿಸಿಬಿಟ್ಟಿದ್ದರು. ಅಷ್ಟು ದಿನ ತಾವೇ ಒಲೆ ಮುಂದೆ ನಿಂತು, ಈಗ ಮಂಡಿ ಊದಿ, ಅಡುಗೆಮನೆಗೆ ಬೀಗ ಹಾಕಿದ್ದರು.

ಫೋನಿಟ್ಟು, ಅದು ಬರೀ ಮಾತಿಗೆ ಅಂದದ್ದು ಅಂತ ಗೆಳೆಯನ ಮುಂದೆ ಗೋಳಾಡಿದೆ.

“ಲೇ, ಬರ್ತೀನಿ ಅಂದ್ರ ಬರ್ತಾನ ಅಂತ ತಿಳ್ಕೊಂಡಾಳ ಆ ಅಜ್ಜಿ. ಆಕಿದೇನು ತಪ್ಪೈತಿ?” ಅಂದ ಅವನು. “ನಿನ್ನ ಅಡಗಿ ಉಂಡೂ ಬಾ ಅಂತಾಳಲ್ಲ, ಅಂಥಾಕಿನ್ನ ಕಾಯಸ್ತೀಯೇನ? ನಡಿ, ಬ್ಯಾಗ್ ತುಂಬು.”

ಪಕ್ಕದ ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಲ್ಲಿ ಒಂದು ಪೊಟ್ಟಣ ಸಾರಿನ ಪುಡಿ ಕೊಂಡು ಬಸ್ಸು ಹತ್ತಿದೆ.

ಆಂಟಿ ಬಾಗಿಲಲ್ಲೇ ಕೂತಿದ್ದರು, ಮಂಡಿಗೆ ಪಟ್ಟಿ ಕಟ್ಟಿಕೊಂಡು. ನಾನು ನಿಂತೇ ತಪ್ಪೊಪ್ಪಿಕೊಂಡೆ. ನಮ್ಮಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಾರೆ, ಅದಕ್ಕೆ ಅರ್ಥವಿಲ್ಲ, ಎರಡು ವಾರ ಮಾತ್ರ ಇರುತ್ತೇನೆ ಅಂದೆ.

“ಈ ಊರು ಬಿಟ್ಟವರನ್ನೆಲ್ಲ ನಾನೇ ಬಸ್ಸು ಹತ್ತಿಸಿದೀನಿ,” ಅಂದರು ಆಂಟಿ. “ಹೊರಟೆ ಅಂತಿದ್ರು, ಅಷ್ಟೆ. ಬರ್ತೀನಿ ಅಂದವನು ನೀನೊಬ್ಬನೇ ಕಣೋ.”

ನಾನು ಹೋಗಿ ಅಡುಗೆಮನೆಯ ಬೀಗ ತೆಗೆದೆ.

ಬೇಡ ಅಂತ ಕಳಿಸಿದವನನ್ನು ತಾವಾಗಿ ಕರೆಯಲು ಆಂಟಿಗೆ ಅಭಿಮಾನ ಅಡ್ಡ ಬರುತ್ತಿತ್ತು. ಹಾಗಾಗಿ ನಾನೇ ಆ ಅಡುಗೆಯವನಿಗೆ ಫೋನು ಮಾಡಿದೆ. ಅವನು ಕುರಿ ಫಾರಮ್ಮುಗಳಲ್ಲಿ ಕೆಲಸಗಾರರಿಗೆ ಬೇಯಿಸಿ ಹಾಕುತ್ತಿದ್ದವನು. ತಪ್ಪು ಆಂಟಿಯದಲ್ಲ, ನನ್ನ ಭಾಷೆಯದು ಅಂತ ವಿವರಿಸಲು ಹೋಗಿ ‘ಹೋಗಿಬರುತ್ತೇನೆ’ಯಿಂದ ಹಿಡಿದು ಅಪಶಕುನದವರೆಗೆ ಎಲ್ಲ ಹೇಳಿದೆ. ಎಷ್ಟು ಅರ್ಥವಾಯಿತೋ. ಕೊನೆಗೆ ಅವನು ಕೇಳಿದ್ದು ಒಂದೇ, ಆ ಬೂಟಿನ ತಳದ ಸ್ಟೇಕ್ ಮಾಡುತ್ತಿದ್ದವನು ನೀನೇನಾ ಅಂತ. ಹೌದು ಅಂದೆ. ಹಾಗಾದರೆ ಬೇಗ ಬರುತ್ತೇನೆ, ಪಾಪ ಆ ಜನ ಅಂದ.

ನನ್ನ ಎರಡನೇ ಶುಕ್ರವಾರ ಅವನು ಒಲೆ ಮುಂದೆ ನಿಂತ. ನಾನು ತಟ್ಟೆ ಒಯ್ಯುತ್ತಿದ್ದೆ. ಹಿತ್ತಲು ಸೇರಿದ್ದ ನಾಯಿ ಒಳಗೆ ಬಂದು ಅವನ ಕಾಲ ಬಳಿ ಕೂತಿತು. ತುಪ್ಪಟದ ಮುದುಕ ಮಾತಿಲ್ಲದೆ ಉಂಡು ಇನ್ನೊಂದು ತಟ್ಟೆ ಕೇಳಿದ. ದಾರಿಹೋಕರ ಕಾರುಗಳು ಎರಡು ನಿಂತಿದ್ದವು. ಅವನು ನನಗಾಗಿ ಅಂತ ಬೇರೆ ಮಾಡಿದ್ದ ಕುಂಬಳಕಾಯಿ ಸೂಪನ್ನು ಆಂಟಿಯ ಪಕ್ಕ ಕೂತು ಕುಡಿದೆ. ತುಂಬಾ ಚೆನ್ನಾಗಿತ್ತು, ಸ್ವಲ್ಪ ಹೊಟ್ಟೆ ಉರಿಯಿತು. ಆಂಟಿ ನನ್ನ ಮುಖ ನೋಡಿ, ಉಪ್ಪು ಬೇಕಾ ಅಂದರು. ಬೇಡ ಅಂದೆ.