ಅತ್ತೆಯ ಕೆಂಪು ದಾರ

ಅರವತ್ತರ ದಶಕದ ಮಾತು. ಹೊಟ್ಟೆಯೊಳಗಿನ ಕೂಸನ್ನು ಅಳೆದು ತೋರಿಸುವ ಮೆಷಿನ್ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಮ್ಮೂರು ಧನಗೆರೆಯಲ್ಲಿ ನಕ್ಕುಬಿಡುತ್ತಿದ್ದೆವು. ನಮಗೆ ಅತ್ತೆಯ ಕೆಂಪು ದಾರವೇ ಮೆಷಿನ್. ನನ್ನ ಗಂಡ ಅವರ ಹೊಟ್ಟೆಯಲ್ಲಿದ್ದಾಗ ಏಳನೇ ತಿಂಗಳಲ್ಲಿ ಸುತ್ತಳತೆ ತೆಗೆದು, ತುದಿ ಮುಟ್ಟಿದ ಕಡೆ ಗಂಟು ಹಾಕಿ ಇಟ್ಟಿದ್ದ ದಾರ ಅದು. ಮನೆಯಲ್ಲಿ ಯಾರು ಬಸುರಾದರೂ ಅದೇ ಅಳತೆ. ಗಂಟು ದಾಟಿದರೆ ಗಂಡು, ದಾಟದಿದ್ದರೆ ಹೆಣ್ಣು.

ನನಗೇನೂ ಇದು ತಮಾಷೆಯಾಗಿರಲಿಲ್ಲ. ಊರ ಶಾಲೆಯಲ್ಲಿ ನಾನು ಟೀಚರು. ಆ ಕೆಲಸವೆಂದರೆ ಪ್ರಾಣ. ನಾನು ಬಸುರಾದ ಸುದ್ದಿ ತಿಳಿದದ್ದೇ ಅತ್ತೆಯೋ ಜಗಲಿಯ ಮೇಲೆ ಎಲ್ಲರ ಮುಂದೆ ಹೇಳಿಬಿಟ್ಟಿದ್ದರು:

"ಗಂಡಾದ್ರೆ ನಾ ನೋಡ್ಕತೀನಿ, ನೀ ಸ್ಕೂಲ್‌ಗೋಗು. ಎಣ್ಣಾದ್ರೆ ನೀನೇ ಕುಂತ್ಕಂಡು ಸಾಕು ಕಣಮ್ಮಿ."

ಕಾಮಗೆರೆ ಆಸ್ಪತ್ರೆಯ ನರ್ಸಮ್ಮ ಟೇಪು ಹಿಡಿದು ಅಳೆಯುವಾಗ, ಹೊಟ್ಟೆ ದಪ್ಪವಿದ್ದರೆ ಗಂಡೇ ಎಂಬುದು ನಿಜವೇ ಎಂದು ಕೇಳಿದೆ. "ಗಂಡು ಒಂದೆಳೆ ದಪ್ಪ ಇರ್ಬೋದು. ಹೊಟ್ಟೆ ಮೇಲಿಂದ ಅದೆಲ್ಲ ಗೊತ್ತಾಗಲ್ಲ ಕಣ್ರಿ" ಎಂದರು. ಅತ್ತೆಗೆ ಹೇಳಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಏಳನೇ ತಿಂಗಳು ಬಂತು. ಅಳತೆಯ ದಿನ ಎರಡು ಮುದ್ದೆ ನುಂಗಿ, ಸೀರೆಯ ನೆರಿಗೆಯನ್ನು ದಪ್ಪಗೆ ಮಡಚಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ನಿಂತೆ. ದಾರ ಹಳೇ ಗಂಟನ್ನು ಎರಡು ಬೆರಳು ದಾಟಿತು. ಅತ್ತೆ ಅಲ್ಲೊಂದು ಹೊಸ ಗಂಟು ಹಾಕಿ, "ಗಂಡೇ!" ಎಂದು ಕೇರಿಗೆಲ್ಲ ಸಾರಿ ಬಂದರು. ನನಗೆ ಒಳಗೊಳಗೇ ಖುಷಿ, ಅದರ ಬೆನ್ನಿಗೇ ಭಯ.

ಹುಟ್ಟಿದ್ದು ಹೆಣ್ಣು. ಪಕ್ಕದ ಮಂಚದ ಗಂಡುಕೂಸಿಗಿಂತ ಇದೇ ಹೆಚ್ಚು ತೂಗುತ್ತದೆ ಎಂದು ನರ್ಸಮ್ಮ ನಕ್ಕರು. ಕೆಲಸ ಹೋಯಿತೆಂದು ನಾನು ಗೋಡೆಯ ಕಡೆ ತಿರುಗಿ ಕಣ್ಣೀರು ಹಾಕಿದೆ.

ತೊಟ್ಟಿಲಿಗೆ ಹಾಕುವ ದಿನ ಅತ್ತೆ ಆ ದಾರ ತಂದು, ಹೊಸ ಗಂಟನ್ನು ಉಗುರಿನಿಂದ ಬಿಡಿಸತೊಡಗಿದರು.

"ಇದು ಕೂಸಿಂದಲ್ಲ, ನಿನ್ ನೆರಿಗೇದು. ನನ್ ಕೈಗೆ ಗೊತ್ತಾಗಲ್ವಾ?"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಮತ್ಯಾಕೆ ಗಂಡು ಅಂದ್ರಿ ಅತ್ತೆ?"

"ಸ್ಕೂಲ್‌ಗೋಗಕ್ಕೆ ಇಷ್ಟೆಲ್ಲ ಆಟ ಕಟ್ಟೋಳ್ನ ಮನೇಲಿ ಕೂಡಾಕಕ್ಕೆ ಆಯ್ತದಾ?"

ದಾರವನ್ನು ಮೂರು ಸುತ್ತು ಸುತ್ತಿ ಕೂಸಿನ ಸೊಂಟಕ್ಕೆ ಉಡುದಾರ ಕಟ್ಟಿದರು. ರಜೆ ಮುಗಿದು ನಾನು ಶಾಲೆಗೆ ಹೊರಟಾಗ ಮಗಳು ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಆಮೇಲೆ ನಮ್ಮ ಮನೆಯಲ್ಲಿ ಯಾರ ಹೊಟ್ಟೆಯನ್ನೂ ಅಳೆಯಲಿಲ್ಲ.