ದಾರಿ ಕೇಳಿದ ಸುಂಕ

ಹಿರೇನಲ್ಲೂರಿನ ಹತ್ತಿರ ದಾರಿ ತಪ್ಪಿ, ಜಗಲಿಯಲ್ಲಿದ್ದ ಅಜ್ಜಿಯನ್ನು ಮೇಷ್ಟ್ರ ಮನೆ ಎಲ್ಲಿ ಎಂದು ಕೇಳಿದೆ.

“ನೀನ್ಯಾರ ಮಗಳವ್ವ? ಅಪ್ಪ ಅವ್ವ ಸಂಬಂಧದಲ್ಲೇ ಮದ್ವೆ ಆದೋರಾ?”

ದೇಶವೆಲ್ಲ ಸುತ್ತಿದ್ದೇನೆ, ದಾರಿಗೆ ಇಂಥ ಸುಂಕ ಎಲ್ಲೂ ಕಟ್ಟಿಲ್ಲ. “ವಾಪಸ್ ಬರ್ತಾ ಎಲ್ಲಾ ಹೇಳ್ತೀನಿ, ಮೊದ್ಲು ದಾರಿ ಹೇಳಜ್ಜಿ!”

ಈ ವಯಸ್ಸಿನಲ್ಲಿ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶದಲ್ಲಿ ಇಳಿದು ಬರುವ ತೊಂದರೆಗಳ ಬಗ್ಗೆ ಸಲಹೆ ಕೊಡುವುದನ್ನು, ಓದುತ್ತಿರುವವಳು ನಾನು. ಮೇಷ್ಟ್ರ ಸೊಸೆಯ ಮಗುವಿಗೆ ಕಿವಿ ಕೇಳುವುದಿಲ್ಲ. ಇನ್ನೊಂದು ಮಗುವಿಗೆ ಧೈರ್ಯ ಮಾಡಬಹುದೇ ಎಂದು ಕೇಳಿದ್ದಳು. ಉತ್ತರಕ್ಕೆ ಮೂರು ತಲೆಮಾರಿನ ವಿವರ ಬೇಕು. ಮೇಷ್ಟ್ರ ಮನೆ ತಲುಪಿದರೆ, ಅವಳ ಅತ್ತೆ ಕಾಫಿ ಕೊಟ್ಟು, “ನಮ್ಮ ಕಡೆ ಎಲ್ರೂ ಚೆನ್ನಾಗೇ ಅವ್ರೆ” ಎಂದು ಮುಗಿಸಿಬಿಟ್ಟರು.

ಖಾಲಿ ಹಾಳೆ ಹಿಡಿದು ಜಗಲಿಗೆ ವಾಪಸ್ ಬಂದು, ಸಿಡುಕುತ್ತಲೇ ಅಜ್ಜಿಯ ಸಾಲ ತೀರಿಸಿದೆ: ನಮ್ಮಪ್ಪ ಅವ್ವನಿಗೆ ಸ್ವಂತ ಸೋದರಮಾವ, ಹುಟ್ಟಿ ಉಳಿಯದ ಇಬ್ಬರು ತಮ್ಮಂದಿರು. ನಾನು ಮರೆತ ಕೊಡೆ ತಂದಿದ್ದ ಆ ಅತ್ತೆ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರು.

“ನಿಂದು ಹೇಳಾಯ್ತಲ್ಲ, ಈಗ ನಮ್ದು ಬರ್ಕೋ. ನಮ್ಮ ಮಾವನ ತಂಗೀಗೂ ಕಿವಿ ಕೇಳ್ತಿರ್ಲಿಲ್ಲ” ಎಂದರು ಅತ್ತೆ.

ಸಲಹೆ ಕೇಳಲು ಬಂದವರ ಮುಂದೆ ಸ್ವಂತ ಮನೆ ಸುದ್ದಿ ಎತ್ತಲೇಬಾರದು ಎಂದು ಕ್ಲಾಸಿನಲ್ಲಿ ಕಲಿಸಿದ ನಮ್ಮ ಮೇಡಂ ಒಮ್ಮೆ ಈ ಕಡೆ ದಾರಿ ತಪ್ಪಬೇಕು.