ಪ್ರೋಗ್ರಾಮುಗಳ ನೆಂಟಸ್ತನ ಹುಡುಕುವ ಜಯಲಕ್ಷ್ಮಮ್ಮ

ಬೆಳಗಿನ ಆರು ಗಂಟೆ. ಪಾಂಡವಪುರದಾಚೆಯ ಹೊಸಬಯಲು ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ಆಗಲೇ ಸಾಲುಗಟ್ಟಿವೆ. ಪಾಲಹಳ್ಳಿಯ ಜಯಲಕ್ಷ್ಮಮ್ಮ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಏಸಿಯ ಚಳಿಗೆ ಸ್ವೆಟರ್ ಏರಿಸಿ, ಪರದೆಯ ಮುಂದೆ ಕೂರುತ್ತಾರೆ. ಹೊರಗೆ ಎತ್ತುಗಳು ಹುಲ್ಲು ಮೆಲುಕು ಹಾಕುತ್ತಿದ್ದರೆ ಒಳಗೆ ಇವರು ಹಳೆಯ ಪ್ರೋಗ್ರಾಮುಗಳನ್ನು ಮೆಲುಕು ಹಾಕುತ್ತಾರೆ.

ಕಬ್ಬಿನ ತೂಕ, ರೈತ ಯಾವತ್ತು ಕಬ್ಬು ಕಡಿಯಬೇಕೆಂದು ಹೇಳುವ ಕಟಾವು ಚೀಟಿ, ಕ್ಯಾಂಟೀನು, ಎಲ್ಲಕ್ಕೂ ಇಲ್ಲಿ ಒಂದೊಂದು ಪ್ರೋಗ್ರಾಮು. ಯಾರು ಯಾವುದನ್ನು ತಿದ್ದಿದರೂ ಹಳೆಯ ರೂಪ ಅಳಿಯದೆ ಯಂತ್ರದಲ್ಲಿ ಉಳಿಯುತ್ತದೆ. ಆ ಚರಿತ್ರೆಯನ್ನು ಜಾಲಾಡಿ, ಇದನ್ನು ಮುಟ್ಟಿದರೆ ಅದನ್ನೂ ಮುಟ್ಟಬೇಕು ಎಂದು ಹೇಳುವುದು ಜಯಲಕ್ಷ್ಮಮ್ಮನ ಕೆಲಸ. ಸರಿಯಾಗಿ ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ತಪ್ಪಿದರೆ ಊರೆಲ್ಲ ನೋಡುತ್ತದೆ. ಕಳೆದ ವರ್ಷ, ೧೯೯೬ರಲ್ಲಿ, ನೋಡಿತು ಕೂಡ.

ಆಗ ಕಬ್ಬಿನ ತೂಕ ಕ್ವಿಂಟಲಿನಿಂದ ಟನ್ನಿಗೆ ಬದಲಾಯಿತು. ತೂಕದ ಪ್ರೋಗ್ರಾಮು ತಿದ್ದಿದಾಗಲೆಲ್ಲ ಕ್ಯಾಂಟೀನಿನದನ್ನೂ ತಿದ್ದಿದ್ದಾರೆಂದು ಚರಿತ್ರೆ ಹೇಳುತ್ತಿತ್ತು. ಇವರು ನಂಬಿದರು, ಪ್ರೋಗ್ರಾಮರ್ ಲೋಕೇಶ್ ಅಲ್ಲೂ ಟನ್ ಹಾಕಿದ. ಕೆ.ಜಿ. ಲೆಕ್ಕದಲ್ಲಿ ಬರಬೇಕಿದ್ದ ರಾಗಿ ಮೂರು ಲಾರಿಯಲ್ಲಿ ಬಂದು ನಿಂತಿತು. “ಏನ್ ತಾಯಿ, ಇಡೀ ಪಾಂಡವಪುರಕ್ಕೇ ನಾವೇ ಮುದ್ದೆ ತೊಳಸ್ಬೇಕಾ?” ಎಂದು ಉಗ್ರಾಣದ ತಮ್ಮಯ್ಯ ಕೂಗಾಡಿದ. ಆ ಹಂಗಾಮು ಮುಗಿಯುವತನಕ ಕ್ಯಾಂಟೀನಿನಲ್ಲಿ ಅನ್ನ ಕಂಡವರಿಲ್ಲ.

ನಿಜ ಆಮೇಲೆ ಹೊರಬಿತ್ತು. ರಾಹುಕಾಲದಲ್ಲಿ ಲೋಕೇಶ್ ಯಾವ ತಿದ್ದುಪಡಿಯನ್ನೂ ಯಂತ್ರಕ್ಕೆ ಒಪ್ಪಿಸುವವನಲ್ಲ. ಸೋಮವಾರ ರಾಹುಕಾಲ ಕಳೆದು ಒಂಬತ್ತು ಹೊಡೆದ ಮೇಲೆ, ತೂಕದ್ದು ಕ್ಯಾಂಟೀನಿನದು ಎನ್ನದೆ ಕೂಡಿಟ್ಟಿದ್ದನ್ನೆಲ್ಲ ಒಟ್ಟಿಗೆ ಸುರಿಯುತ್ತಿದ್ದ, ಎಲ್ಲಕ್ಕೂ ಒಂದೇ ತಾರೀಖು ಬೀಳುತ್ತಿತ್ತು. “ಒಂದೇ ಬಸ್ಸಿಂದ ಇಳಿದೋರೆಲ್ಲ ನೆಂಟ್ರು ಅಂದ್ಕೊಂಬುಟ್ಟೆ ಕಣಪ್ಪ,” ಎಂದು ಜಯಲಕ್ಷ್ಮಮ್ಮ ನಗುತ್ತಾರೆ. ಈಗ ತಾರೀಖು ನೋಡಿ ಸುಮ್ಮನಾಗುವುದಿಲ್ಲ, ಯಾಕೆ ತಿದ್ದಿದೆ ಎಂದು ತಿದ್ದಿದವರನ್ನೇ ಹಿಡಿದು ಕೇಳುತ್ತಾರೆ. “ನಮ್ಮವ್ವನೂ ನನ್ನ ಇಷ್ಟು ಕೇಳಿಲ್ಲ,” ಎಂದು ಲೋಕೇಶ್ ಗೊಣಗುತ್ತಾನೆ.

ಇವತ್ತು ಅವರಿಗೆ ಪರೀಕ್ಷೆ. ಹಳೆಯ ರೂಪಗಳೆಲ್ಲ ಸೇರಿ ಯಂತ್ರದ ಡಿಸ್ಕು ತುಂಬಿದೆ. ಹಳೆಯದನ್ನೆಲ್ಲ ಅಳಿಸಿ, ಇವರನ್ನು ಹಾಜರಿ ಬರೆಯುವ ಟೈಮ್ ಆಫೀಸಿಗೆ ಕಳಿಸಲು ವಿಭಾಗದ ಮುಖ್ಯಸ್ಥ ರಂಗಸ್ವಾಮಿ ಹೊರಟಿದ್ದಾರೆ. ಇನ್ನೊಂದು ತಪ್ಪಾದರೆ ಅಲ್ಲಿಗೆ ಮುಗಿಯಿತು. ತೂಕದ ಪ್ರೋಗ್ರಾಮಿಗೆ ಹೊಸ ತಳಿಯ ಕಬ್ಬಿನ ನಂಬರು ಸೇರಿದೆ. ಜೊತೆಗೆ ಇನ್ಯಾವುದನ್ನು ತಿದ್ದಬೇಕು? ಚರಿತ್ರೆ ಕಟಾವು ಚೀಟಿಯನ್ನೂ ತೋರಿಸುತ್ತದೆ, ಹಾಳು ಕ್ಯಾಂಟೀನನ್ನೂ ತೋರಿಸುತ್ತದೆ.

“ಕ್ಯಾಂಟೀನು ಮುಟ್ಬ್ಯಾಡ ಕಣ್ಲಾ ಲೋಕೇಶ. ತಳಿ ಬದಲಾದ್ರೆ ಕಟಾವಿನ ದಿನಾನೂ ಬದಲಾಯ್ತದೆ ಅಂತ ಪ್ರತಿ ಸಲ ಚೀಟೀನೂ ಬದಲಾಯ್ಸಿದ್ದೀಯ. ಅದುನ್ನ ಮಾಡು, ಸಾಕು.”

ಸಿಂಧಘಟ್ಟದ ಚಿಕ್ಕಯ್ಯನ ಟ್ರಾಕ್ಟರು ಹೊಸ ತಳಿಯ ಕಬ್ಬು ಹೊತ್ತು ತೂಕದ ಕಟ್ಟೆ ಏರುತ್ತದೆ. ಪ್ರಿಂಟರು ಕಿರ್ರೆನ್ನುತ್ತದೆ. ತೂಕ ಸರಿ, ಮುಂದಿನ ಕಟಾವಿನ ಚೀಟಿಯೂ ಸರಿ. ಜಯಲಕ್ಷ್ಮಮ್ಮ ಖುಷಿಗೆ ಎಲ್ಲರೆದುರೇ ಕಣ್ಣೊರೆಸಿಕೊಳ್ಳುತ್ತಾರೆ.

ರಂಗಸ್ವಾಮಿ ಸೋತು ನಗುತ್ತಾರೆ. “ಹೊಸ ಡಿಸ್ಕು ತರುಸ್ತೀನಿ ಬುಡಮ್ಮ. ಆ ರಾಗಿ ತಿದ್ದುಪಡಿ ಒಂದನ್ನಾದ್ರೂ ಅಳಿಸ್ಬುಡಿ, ನಿಮ್ ಮಾನ ಉಳೀತದೆ.”

“ಬ್ಯಾಡಿ ಸಾ, ಅದೂ ಇರ್ಲಿ. ಮುಂದೆ ಬರೋರು ನೋಡಿ ನಗ್ಲಿ. ನಾನ್ ಬಿದ್ದ ಗುಂಡಿಗೆ ಅವ್ರು ಬೀಳ್ದಿದ್ರೆ ಸಾಕು.”